ಕೈ ಆಡಿದರೆ ಸಾಲದು: ‘ಮಾಡಿ ಕಲಿ’ಗೆ ಒಂದು ವಿಮರ್ಶೆ

ಯಾವುದಾದರೂ ಶಾಲೆಯ ವಿಜ್ಞಾನ ಮೇಳಕ್ಕೆ ಹೋಗಿ, ಸಾಲಾಗಿ ಜೋಡಿಸಿದ ಮೇಜುಗಳನ್ನು ನೋಡುತ್ತ ಬನ್ನಿ. ಒಂದರ ಮೇಲೆ ಅಡುಗೆ ಸೋಡಕ್ಕೆ ವಿನೆಗರ್ ಸುರಿದು ನೊರೆ ಉಕ್ಕಿಸುವ ಜ್ವಾಲಾಮುಖಿ. ಇನ್ನೊಂದರ ಮೇಲೆ ಥರ್ಮೋಕೋಲಿನ ಹೃದಯ. ಮತ್ತೊಂದರ ಮೇಲೆ ಅಂಗಡಿಯಿಂದ ತಂದ ಪುಟ್ಟ ಮೋಟಾರಿನಿಂದ ತಿರುಗುವ ಗಾಳಿಯಂತ್ರ. ಮಾದರಿಯ ಪಕ್ಕದಲ್ಲಿ ನಿಂತ ವಿದ್ಯಾರ್ಥಿ ಬಾಯಿಪಾಠ ಮಾಡಿದ ನಾಲ್ಕು ವಾಕ್ಯಗಳನ್ನು ಒಪ್ಪಿಸುತ್ತಾನೆ. ‘ವಿನೆಗರನ್ನು ಅರ್ಧಕ್ಕೆ ಇಳಿಸಿದರೆ ನೊರೆ ಎಷ್ಟಾಗುತ್ತದೆ?’ ಎಂದು ಕೇಳಿ ನೋಡಿ. ಅವನು ಶಿಕ್ಷಕರ ಮುಖ ನೋಡುತ್ತಾನೆ. ಹಾಗೆ ಮಾಡಿ ನೋಡಲು ಅವನಿಗೆ ಯಾರೂ ಹೇಳಿಲ್ಲ, ಬಿಟ್ಟೂ ಇಲ್ಲ. ಅವನ ಕೈ ಕೆಲಸ ಮಾಡಿದೆ, ನಿಜ. ಆದರೆ ಅವನು ಕಲಿತದ್ದೇನು?

‘ಮಾಡಿ ಕಲಿ’ ಎಂಬ ಮಾತು ಇಂದು ಎಲ್ಲರ ಬಾಯಲ್ಲಿದೆ. ಪಠ್ಯಕ್ರಮ ಅದನ್ನು ಹೇಳುತ್ತದೆ, ಶಿಕ್ಷಕರ ತರಬೇತಿ ಹೇಳುತ್ತದೆ, ಕಿಟ್ ಮಾರುವ ಕಂಪನಿಗಳಂತೂ ಇನ್ನೂ ಜೋರಾಗಿ ಹೇಳುತ್ತವೆ. ಈ ಮಾತು ಸುಳ್ಳಲ್ಲ, ಅರ್ಧ ಸತ್ಯ. ಮಾಡಿದ ಮಾತ್ರಕ್ಕೆ ಕೌಶಲ ಬರುವುದಿಲ್ಲ. ಮಾಡಿದ್ದು ಕಲಿಕೆಯಾಗಲು ಕೆಲವು ಷರತ್ತುಗಳಿವೆ. ಶಾಲೆಯ ಚಟುವಟಿಕೆ ಕೈಯ ಚಲನೆಯನ್ನು ಉಳಿಸಿಕೊಂಡು ಆ ಷರತ್ತುಗಳನ್ನು ಕೈಬಿಟ್ಟಿದೆ. ಅವು ಯಾವುವು ಎಂದು ತಿಳಿಯಲು ದೂರ ಹೋಗಬೇಕಿಲ್ಲ. ಶಿವಮೊಗ್ಗ ಜಿಲ್ಲೆಯ ಎರಡು ನೆರೆಯ ತಾಲ್ಲೂಕುಗಳು, ಶಿಕಾರಿಪುರ ಮತ್ತು ಸೊರಬ, ಸಾಕು.

ಬಳ್ಳಿಗಾವಿಯ ಎರಡು ಶಾಲೆಗಳು

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ 12ನೆಯ ಶತಮಾನದಲ್ಲಿ ಹೆಸರಾಂತ ವಿದ್ಯಾಕೇಂದ್ರ. ಅಲ್ಲಿನ ಕೋಡಿಯ ಮಠದ ಬಗ್ಗೆ 1162ರ ಶಾಸನವೊಂದು ವಿವರವಾಗಿ ಹೇಳುತ್ತದೆ. ನಾಲ್ಕು ವೇದಗಳು, ದರ್ಶನಗಳು, ಹಲವು ಬಗೆಯ ವ್ಯಾಕರಣ, ಪುರಾಣ, ಕಾವ್ಯ, ನಾಟಕ ಹೀಗೆ ಅಲ್ಲಿ ನಡೆಯುತ್ತಿದ್ದ ಅಧ್ಯಯನದ ಪಟ್ಟಿಯೇ ಇದೆ. ಬಡವರಿಗೆ ಅನ್ನ, ರೋಗಿಗಳಿಗೆ ಔಷಧ ಕೊಡುತ್ತಿದ್ದ ಮಾತೂ ಇದೆ.

ಅದೇ ಊರಿನಲ್ಲಿ ಇನ್ನೊಂದು ಬಗೆಯ ಶಾಲೆಯೂ ಇತ್ತು. ಅದಕ್ಕೆ ಪಠ್ಯಕ್ರಮದ ಶಾಸನವಿಲ್ಲ. ಅದರ ಸುಳಿವು ಸಿಗುವುದು ಬೇಲೂರಿನಲ್ಲಿ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯದ ಮದನಿಕೆಯರ ವಿಗ್ರಹಗಳಲ್ಲಿ ಕೆಲವನ್ನು ಕೆತ್ತಿದವನು ಬಳ್ಳಿಗಾವಿಯ ದಾಸೋಜ. ಇನ್ನು ಕೆಲವನ್ನು ಕೆತ್ತಿದವನು ಅವನ ಮಗ ಚಾವಣ. ಇಬ್ಬರೂ ತಮ್ಮ ಕೆಲಸದ ಕೆಳಗೆ ಹೆಸರು ಬರೆದಿದ್ದಾರೆ. ತಂದೆ ಮಗನಿಗೆ ಏನು ಹೇಳಿಕೊಟ್ಟ, ಮೊದಲು ಯಾವ ಕೆಲಸ ಕೊಟ್ಟ, ಎಷ್ಟು ಕಲ್ಲು ಹಾಳಾಯಿತು, ಇದಾವುದೂ ದಾಖಲೆಯಲ್ಲಿಲ್ಲ. ಆದರೆ ಫಲ ನಮ್ಮ ಕಣ್ಣ ಮುಂದಿದೆ. ಮಗನ ಕೆಲಸವನ್ನು ತಂದೆಯ ಕೆಲಸದ ಜೊತೆಗೇ ಅದೇ ಗುಡಿಯಲ್ಲಿ ನಿಲ್ಲಿಸಿದ್ದಾರೆ.

ಅವರು ಕೆತ್ತಿದ ಬಳಪದ ಕಲ್ಲಿನ ಗುಣವನ್ನೂ ಗಮನಿಸಿ. ಗಣಿಯಿಂದ ತೆಗೆದಾಗ ಅದು ಮೃದು. ಅದರಲ್ಲಿರುವ ಟಾಲ್ಕ್ ಖನಿಜ ಗಡಸುತನದ ಮೋಹ್ಸ್ ಮಾಪಕದಲ್ಲಿ 1ನೆಯ ಸ್ಥಾನದ್ದು, ಉಗುರಿನಿಂದಲೂ ಗೀರಬಹುದು. ಗಾಳಿಗೆ ತೆರೆದುಕೊಂಡಂತೆ ಕಲ್ಲು ಗಟ್ಟಿಯಾಗುತ್ತ ಹೋಗುತ್ತದೆ. ಅಂದರೆ ಉಳಿಯ ಮೊನೆಗೆ ಕಲ್ಲು ಕೊಡುವ ಉತ್ತರ ಒಂದೇ ತೆರನಾಗಿರುವುದಿಲ್ಲ. ಆ ಉತ್ತರವನ್ನು ಕೈಯೇ ಓದಬೇಕು, ಪುಸ್ತಕ ಓದಿ ಹೇಳಲಾಗದು. ಎರಡೂ ಶಾಲೆಗಳು ಒಂದೇ ಊರಿನಲ್ಲಿದ್ದವು. ಮಾತಿನ ಶಾಲೆಯ ವಿವರ ಶಾಸನದಲ್ಲಿ ಉಳಿಯಿತು. ಕೈಯ ಶಾಲೆ ತನ್ನ ವಿಧಾನವನ್ನು ಬರೆದಿಡಲಿಲ್ಲ. ನಮ್ಮ ಶಿಕ್ಷಣ ಇಂದಿಗೂ ಮೊದಲನೆಯದರ ವಾರಸುದಾರ.

ಸೊರಬದ ಉಳಿ

ಬಳ್ಳಿಗಾವಿಯ ಶಿಲ್ಪಿಗಳ ಅಭ್ಯಾಸಶಾಲೆ ಇಂದಿಲ್ಲ. ಆದರೆ ಪಕ್ಕದ ಸೊರಬದಲ್ಲಿ, ಸಾಗರದಲ್ಲಿ ಕೈಯ ಶಾಲೆಯ ಇನ್ನೊಂದು ಪರಂಪರೆ ಇದೆ. ಅದು ಗುಡಿಗಾರರ ಶ್ರೀಗಂಧದ ಕೆತ್ತನೆ. ಮೈಸೂರು ಗೆಜೆಟಿಯರ್ ಬರೆದ ಬಿ.ಎಲ್. ರೈಸ್ ಅವರು 19ನೆಯ ಶತಮಾನದ ಕೊನೆಯಲ್ಲೇ ಸೊರಬ ಮತ್ತು ಸಾಗರದ ಗುಡಿಗಾರರನ್ನು ವಿಶೇಷವಾಗಿ ಹೆಸರಿಸಿದ್ದಾರೆ. ಶ್ರೀಗಂಧವನ್ನು ಕೆತ್ತುವ ಇದೇ ಸಮುದಾಯ ಬೆಂಡಿನ ಬಾಸಿಂಗ, ಹಾರಗಳಿಗೂ ಪ್ರಸಿದ್ಧ. ಒಂದು ಹಗುರ, ಮೃದು. ಇನ್ನೊಂದು ಸಾಂದ್ರ, ನಯವಾದ ಎಳೆಯದು. ಕೈ ಎರಡಕ್ಕೂ ಹೊಂದಿಕೊಳ್ಳಬೇಕು.

ಕೆತ್ತನೆಯ ಕ್ರಮವನ್ನು ನೋಡಿ. ಮೊದಲು ಚಿತ್ತಾರವನ್ನು ಕಾಗದದಲ್ಲಿ ಬರೆದು ಮರಕ್ಕೆ ಅಂಟಿಸುತ್ತಾರೆ, ಇಲ್ಲವೇ ಮರದ ಮೇಲೆಯೇ ಬರೆಯುತ್ತಾರೆ. ಆಮೇಲೆ ಗೆರೆಗಳನ್ನು ಕೊರೆಯುತ್ತಾರೆ. ಗೆರೆಗಳ ನಡುವಿನ ಮರವನ್ನು ತೆಗೆದು ಚಿತ್ತಾರವನ್ನು ಉಬ್ಬಿಸುತ್ತಾರೆ. ಕೊನೆಗೆ ಎಲೆಯ ಮಡಿಕೆ, ಬಳ್ಳಿಯ ತಿರುವು, ಕಣ್ಣು, ಬೆರಳು. ಒಂದೊಂದು ಹಂತಕ್ಕೂ ಬೇರೆ ಉಳಿ, ಬೇರೆ ಒತ್ತಡ. ಒಂದೊಂದರಲ್ಲೂ ತಪ್ಪಿನ ಬೆಲೆ ಬೇರೆ. ಕಾಗದದ ಗೆರೆ ತಪ್ಪಿದರೆ ಹೋಗುವುದು ಕಾಗದ. ಮುಖದ ಮೇಲೆ ಉಳಿ ಜಾರಿದರೆ ಹೋಗುವುದು ಕಿಲೋ ಲೆಕ್ಕದಲ್ಲಿ ಕೊಂಡ ಗಂಧ.

ಕಸುಬಿನ ಈ ಏಣಿಯನ್ನು ಜಗತ್ತಿನ ಬೇರೆಡೆಯೂ ಅಧ್ಯಯನ ಮಾಡಿದ್ದಾರೆ. ಮಾನವಶಾಸ್ತ್ರಜ್ಞೆ ಜೀನ್ ಲೇವ್ ಪಶ್ಚಿಮ ಆಫ್ರಿಕದ ಲೈಬೀರಿಯಾದಲ್ಲಿ ದರ್ಜಿಗಳ ಶಿಷ್ಯರು ಕಲಿಯುವುದನ್ನು ಗಮನಿಸಿದರು. ಅಲ್ಲಿ ಹುಡುಗ ಮೊದಲು ಕಲಿಯುವುದು ಬಟ್ಟೆಯ ಕೊನೆಯ ಕೆಲಸವನ್ನು: ಗುಂಡಿ ಹಾಕುವುದು, ಅಂಚು ಮಡಿಸಿ ಹೊಲಿಯುವುದು. ನಂತರ ತುಂಡುಗಳನ್ನು ಜೋಡಿಸಿ ಹೊಲಿಯುವುದು. ಎಲ್ಲಕ್ಕಿಂತ ಕೊನೆಗೆ ಬಟ್ಟೆ ಕತ್ತರಿಸುವುದು. ತಯಾರಿಕೆಯ ಕ್ರಮಕ್ಕೆ ಇದು ಪೂರ್ತಿ ತಿರುಗುಮುರುಗು! ಏಕೆ? ಗುಂಡಿ ತಪ್ಪಿದರೆ ಬಿಚ್ಚಬಹುದು, ಕತ್ತರಿ ತಪ್ಪಿದರೆ ಬಟ್ಟೆಯೇ ಹೋಯಿತು. ಜೊತೆಗೆ, ಮುಗಿದ ಅಂಗಿ ಹೇಗಿರುತ್ತದೆಂದು ತಿಳಿದವನಿಗೆ ಮಾತ್ರ ಕತ್ತರಿಯ ಗೆರೆ ಎಲ್ಲಿ ಹೋಗಬೇಕೆಂಬುದು ಅರ್ಥವಾಗುತ್ತದೆ. ಯಾರೂ ಬರೆಯದ ಈ ಪಠ್ಯಕ್ರಮ ಬಹಳ ಬುದ್ಧಿವಂತಿಕೆಯದು.

ಕೈ ಕಲಿಯುವುದು ಹೇಗೆ?

‘ಹಾಡ್ತಾ ಹಾಡ್ತಾ ರಾಗ’ ಎಂಬ ಗಾದೆಯನ್ನು ನೀವು ಕೇಳಿದ್ದೀರಿ. ನಿಜ, ಆದರೆ ತಪ್ಪಾಗಿ ಹಾಡುತ್ತಲೇ ಇದ್ದರೆ ತಪ್ಪೂ ಗಟ್ಟಿಯಾಗುತ್ತದೆ. ಪುನರಾವರ್ತನೆ ಕೌಶಲವಾಗಲು ಬೇಕಾದದ್ದು ತಪ್ಪಿನ ಸುದ್ದಿ.

ಕೈ ಚಲಿಸುವ ಮುನ್ನವೇ ಮಿದುಳು ಫಲವನ್ನು ಊಹಿಸಿರುತ್ತದೆ. ಉಳಿಗೆ ಇಷ್ಟು ಒತ್ತು ಕೊಟ್ಟರೆ ಮರ ಇಷ್ಟು ಸೀಳುತ್ತದೆ ಎಂಬುದು ಆ ಊಹೆ. ಆದದ್ದು ಬೇರೆಯಾದರೆ ಆ ವ್ಯತ್ಯಾಸವೇ ಮಿದುಳಿಗೆ ಪಾಠ. ತಲೆಯ ಹಿಂಬದಿಯ ಕೆಳಭಾಗದಲ್ಲಿರುವ ಅನುಮಸ್ತಿಷ್ಕ ಈ ತಿದ್ದುಪಡಿಯಲ್ಲಿ ಮುಖ್ಯ ಪಾತ್ರ ವಹಿಸುತ್ತದೆ. ಮನೋವಿಜ್ಞಾನಿಗಳಾದ ಫಿಟ್ಸ್ ಮತ್ತು ಪೋಸ್ನರ್ 1967ರಲ್ಲಿ ಕೌಶಲದ ಕಲಿಕೆಯನ್ನು ಮೂರು ಹಂತಗಳಲ್ಲಿ ವಿವರಿಸಿದರು. ಮೊದಲನೆಯದು ಏನು ಮಾಡಬೇಕೆಂದು ಯೋಚಿಸಿ ಮಾಡುವ ಹಂತ. ಎರಡನೆಯದು ತಪ್ಪುಗಳನ್ನು ತಿದ್ದಿಕೊಳ್ಳುತ್ತ ಹದಕ್ಕೆ ಬರುವ ಹಂತ. ಮೂರನೆಯದು ಯೋಚಿಸದೆಯೇ ಕೈ ನಡೆಯುವ ಹಂತ. ಸೈಕಲ್ ಕಲಿತವರಿಗೆಲ್ಲ ಈ ಮೂರೂ ಗೊತ್ತು. ನಮ್ಮ ಶಾಲೆಯ ಚಟುವಟಿಕೆ ಮೊದಲ ಹಂತದ ಮೊದಲ ದಿನವೇ ಮುಗಿದುಹೋಗುತ್ತದೆ.

ಅಭ್ಯಾಸದಲ್ಲಿ ವೈವಿಧ್ಯವೂ ಬೇಕು. 1978ರಲ್ಲಿ ಕೆರ್ ಮತ್ತು ಬೂತ್ ಎಂಬ ಸಂಶೋಧಕರು 8 ವರ್ಷದ ಮಕ್ಕಳಿಗೆ ಕಾಳಿನ ಚಿಕ್ಕ ಚೀಲವನ್ನು ಗುರಿಗೆ ಎಸೆಯುವ ಆಟ ಕೊಟ್ಟರು. ಒಂದು ಗುಂಪು 3 ಅಡಿ ದೂರದಿಂದ ಮಾತ್ರ ಎಸೆದು ಅಭ್ಯಾಸ ಮಾಡಿತು. ಇನ್ನೊಂದು 2 ಅಡಿ ಮತ್ತು 4 ಅಡಿ ದೂರದಿಂದ ಎಸೆಯಿತು, 3 ಅಡಿಯಿಂದ ಎಸೆಯಲೇ ಇಲ್ಲ. ಕೊನೆಯ ಪರೀಕ್ಷೆ ನಡೆದದ್ದು 3 ಅಡಿ ದೂರದಿಂದ. ಗೆದ್ದವರು ಯಾರು? ಎರಡನೆಯ ಗುಂಪಿನವರು! ಒಂದೇ ದೂರವನ್ನು ಉರು ಹೊಡೆದ ಕೈಗಿಂತ, ದೂರಕ್ಕೂ ಬಲಕ್ಕೂ ಇರುವ ಸಂಬಂಧವನ್ನು ಕಂಡುಕೊಂಡ ಕೈ ಮೇಲು.

ಇನ್ನು ಕಲಿಸುವವರ ಪಾತ್ರ. 1976ರಲ್ಲಿ ವುಡ್, ಬ್ರೂನರ್ ಮತ್ತು ರಾಸ್ ಅವರು 3ರಿಂದ 5 ವರ್ಷದ 30 ಮಕ್ಕಳಿಗೆ ಮರದ 21 ತುಂಡುಗಳನ್ನು ಕೊಟ್ಟು ಗೋಪುರ ಕಟ್ಟಲು ಕಲಿಸುವುದನ್ನು ಅಧ್ಯಯನ ಮಾಡಿದರು. ಮಗುವಿಗೆ ಸಿಗುವ ಇಂಥ ನೆರವಿಗೆ ಅವರು ಕೊಟ್ಟ ಹೋಲಿಕೆ ಸಾರುವೆಯದು, ಗೋಡೆ ಕಟ್ಟುವಾಗ ಗಾರೆಯವರು ನಿಲ್ಲಲು ಬಿಗಿಯುವ ಅಟ್ಟಣೆಯದು. ಗೋಡೆ ನಿಂತ ಮೇಲೆ ಸಾರುವೆಯನ್ನು ಬಿಚ್ಚಬೇಕು. ಬಿಚ್ಚದಿದ್ದರೆ ಗೋಡೆ ತಾನಾಗಿ ನಿಂತಿದೆಯೋ ಇಲ್ಲವೋ ತಿಳಿಯುವುದೇ ಇಲ್ಲ.

ಹೀಗೆ ನಾಲ್ಕು ಷರತ್ತುಗಳು ಸಿಕ್ಕವು: ತಪ್ಪನ್ನು ಕೂಡಲೇ ತೋರಿಸುವ ವಸ್ತು, ಸಾಕಷ್ಟು ದಿನ, ಬದಲಾಗುತ್ತ ನಡೆಯುವ ಅಭ್ಯಾಸ, ಸುಲಭದಿಂದ ಕಠಿಣಕ್ಕೆ ಏರುವ ಕೆಲಸಗಳ ಏಣಿ, ಬೇಕಾದಷ್ಟೇ ನೆರವಾಗಿ ಆಮೇಲೆ ಹಿಂದೆ ಸರಿಯುವ ಗುರು.

ಶಾಲೆಯಲ್ಲಿ ಏನಾಗಿದೆ?

ಈ ನಾಲ್ಕನ್ನು ಹಿಡಿದು ಸಾಮಾನ್ಯ ವಿಜ್ಞಾನ ಚಟುವಟಿಕೆಯನ್ನು ಅಳೆಯಿರಿ. ಪುಸ್ತಕದಲ್ಲಿ ವಿಧಾನವಿದೆ, ಚಿತ್ರವಿದೆ, ಮುಂದಿನ ಸಾಲಿನಲ್ಲಿ ಫಲಿತಾಂಶವೂ ಇದೆ. ಮಾಡಿದ್ದಕ್ಕೂ ಪುಸ್ತಕದಲ್ಲಿದ್ದದ್ದಕ್ಕೂ ವ್ಯತ್ಯಾಸ ಬಂದರೆ ಮಗು ಬರೆಯುವುದು ಪುಸ್ತಕದ್ದನ್ನೇ, ಏಕೆಂದರೆ ಅಂಕ ಸಿಗುವುದು ಅದಕ್ಕೆ. ಇಲ್ಲಿಗೆ ಮೊದಲ ಷರತ್ತು ಬಿತ್ತು. ಅರುವತ್ತು ಮಕ್ಕಳ ತರಗತಿಯಲ್ಲಿ ಒಂದೇ ಸೆಟ್ ಉಪಕರಣ, ಒಂದೇ ಪೀರಿಯಡ್. ಎರಡನೆಯದೂ ಬಿತ್ತು. ಒಂದು ತಿಂಗಳು ಆಯಸ್ಕಾಂತ, ಮುಂದಿನ ತಿಂಗಳು ಎಲೆಯ ಅಡ್ಡಸೀಳಿಕೆ. ಒಂದರ ಕೌಶಲ ಇನ್ನೊಂದಕ್ಕೆ ಮೆಟ್ಟಿಲಾಗುವುದಿಲ್ಲ, ಮೂರನೆಯದೂ ಹೋಯಿತು. ಒಡೆದೀತೆಂಬ ಭಯದಿಂದ ಉಪಕರಣವನ್ನು ಶಿಕ್ಷಕರೇ ಹಿಡಿದು ತೋರಿಸುತ್ತಾರೆ. ಸಾರುವೆಯೇ ಇಲ್ಲಿ ಗೋಡೆ!

ಇದರ ಹೊಣೆಯನ್ನು ಶಿಕ್ಷಕರ ತಲೆಗೆ ಕಟ್ಟುವುದು ನ್ಯಾಯವಲ್ಲ. ಒಡೆದ ಬೀಕರಿಗೆ ಲೆಕ್ಕ ಕೊಡಬೇಕಾದವರು ಬೀಕರನ್ನು ಬೀರುವಿನಲ್ಲಿ ಇಡುತ್ತಾರೆ. ಬರವಣಿಗೆಯನ್ನೇ ಅಳೆಯುವ ಪರೀಕ್ಷೆ ಬರವಣಿಗೆಯನ್ನೇ ಬೆಳೆಸುತ್ತದೆ. ಮಧ್ಯಪ್ರದೇಶದ ಹೋಶಂಗಾಬಾದ್ ವಿಜ್ಞಾನ ಶಿಕ್ಷಣ ಕಾರ್ಯಕ್ರಮ ಇದನ್ನು ಚೆನ್ನಾಗಿ ಅರಿತಿತ್ತು. 1972ರಲ್ಲಿ 16 ಶಾಲೆಗಳಲ್ಲಿ ಆರಂಭವಾದ ಅದು ಮಕ್ಕಳ ಕೈಗೆ ಅಗ್ಗದ ಸಾಮಗ್ರಿ ಕೊಟ್ಟಿತು. ಅಷ್ಟಕ್ಕೇ ನಿಲ್ಲದೆ ಪರೀಕ್ಷೆಯನ್ನೂ ಬದಲಿಸಿತು: ಪುಸ್ತಕ ತೆರೆದಿಟ್ಟು ಬರೆಯುವ ಪರೀಕ್ಷೆ, ಜೊತೆಗೆ ಪ್ರಯೋಗ ಪರೀಕ್ಷೆ. ನೂರಾರು ಶಾಲೆಗಳಿಗೆ ಹರಡಿದ ಮೇಲೆ 2002ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ಆ ಕಾರ್ಯಕ್ರಮ ಹೋದರೂ ಅದರ ಪಾಠ ಉಳಿದಿದೆ: ಪರೀಕ್ಷೆ ಬದಲಾಗದೆ ಪ್ರಯೋಗ ಬದಲಾಗದು.

ಕಸುಬಿನ ಮನೆಯನ್ನೂ ಪ್ರಶ್ನಿಸೋಣ

ಹಾಗಾದರೆ ಶಾಲೆ ಮುಚ್ಚಿ ಮಕ್ಕಳನ್ನೆಲ್ಲ ಕಸುಬಿಗೆ ಕಳುಹಿಸೋಣವೇ? ಅವಸರ ಬೇಡ. ಕಸುಬಿನ ಕಲಿಕೆಯಲ್ಲೂ ದೊಡ್ಡ ಕೊರತೆಗಳಿವೆ. ಅವನ್ನು ಮರೆತು ಹೊಗಳುವುದು ವಿಮರ್ಶೆಯಾಗದು.

ಮೊದಲನೆಯದು, ಅದರ ಬಾಗಿಲು ಕಿರಿದು. ಕಸುಬು ಜಾತಿಯ ಒಳಗೆ, ಮನೆಯ ಒಳಗೆ ಉಳಿಯಿತು. ಚಾವಣನಿಗೆ ಉಳಿ ಸಿಕ್ಕಿದ್ದು ಅವನು ದಾಸೋಜನ ಮಗನಾದ್ದರಿಂದ. ಅದೇ ಊರಿನ ಬೇರೆ ಮಕ್ಕಳಿಗೆ ಆ ಅಂಗಳದಲ್ಲಿ ಜಾಗವಿತ್ತೇ? ಎರಡನೆಯದು, ಕಲಿಕೆಗೂ ದುಡಿಮೆಗೂ ನಡುವಿನ ಗೆರೆ ಬಹಳ ತೆಳು. ಬಾಲಕಾರ್ಮಿಕ ಕಾನೂನಿಗೆ 2016ರಲ್ಲಿ ಆದ ತಿದ್ದುಪಡಿ 14 ವರ್ಷದೊಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸಿದರೂ, ಶಾಲೆಯ ವೇಳೆಯ ನಂತರ ಮತ್ತು ರಜೆಯಲ್ಲಿ ಮನೆಯ ಉದ್ಯಮಕ್ಕೆ ನೆರವಾಗಲು ಬಿಟ್ಟಿದೆ. ‘ನೆರವು’ ಯಾವಾಗ ಕೂಲಿಯಾಗುತ್ತದೆ ಎಂಬುದನ್ನು ಕಾನೂನಿನ ಪುಟ ಕಾಯಲಾರದು.

ಮೂರನೆಯದು ವಿಜ್ಞಾನದ ಓದುಗರಿಗೆ ಮುಖ್ಯವಾದದ್ದು. ಕಸುಬು ‘ಹೇಗೆ’ ಎಂಬುದನ್ನು ಬಲು ಚೆನ್ನಾಗಿ ಕಲಿಸುತ್ತದೆ, ‘ಏಕೆ’ ಎಂದು ಕೇಳುವುದು ಅಪರೂಪ. ವಸ್ತು ಬದಲಾಗದಿದ್ದರೆ ಇದರಿಂದ ತೊಂದರೆಯಿಲ್ಲ. ಆದರೆ ವಸ್ತು ಬದಲಾಗುತ್ತದೆ. ದಂತದ ವ್ಯಾಪಾರಕ್ಕೆ ನಮ್ಮ ದೇಶದಲ್ಲಿ 1986 ಮತ್ತು 1991ರ ಕಾನೂನು ತಿದ್ದುಪಡಿಗಳು ತೆರೆ ಎಳೆದವು. ಶ್ರೀಗಂಧ ವಿರಳವಾಯಿತು. ಸ್ವಂತ ಜಮೀನಿನಲ್ಲಿ ಬೆಳೆದ ಗಂಧದ ಮರ ಜಮೀನಿನ ಒಡೆಯನದೇ ಎಂಬ ತಿದ್ದುಪಡಿ ಕರ್ನಾಟಕದಲ್ಲಿ ಬಂದದ್ದು 2001ರಲ್ಲಿ. ಕೆತ್ತುವ ಮರ ಸಿಗದಾಗ ಬೇರೆ ಮರಕ್ಕೆ, ಬೇರೆ ಉಪಕರಣಕ್ಕೆ ಹೊಂದಿಕೊಳ್ಳಲು ಕೈಗೆ ಕಾರಣದ ತಿಳಿವಳಿಕೆಯೂ ಬೇಕಾಗುತ್ತದೆ.

ತಾನಾಗಿ ಕಂಡುಕೊಳ್ಳಲು ಬಿಟ್ಟರೆ ಮಗು ಎಲ್ಲವನ್ನೂ ಕಂಡುಕೊಳ್ಳುತ್ತದೆ ಎಂಬ ನಂಬಿಕೆಯೂ ಪರೀಕ್ಷೆಗೆ ಒಳಗಾಗಿದೆ. ಅಮೆರಿಕದ ಕ್ಲಾರ್ ಮತ್ತು ನಿಗಮ್ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 3 ಮತ್ತು 4ನೆಯ ತರಗತಿಯ ಮಕ್ಕಳಿಗೆ ಇಳಿಜಾರು ಹಲಗೆ, ಚೆಂಡುಗಳನ್ನು ಕೊಟ್ಟರು. ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಿ ಪ್ರಯೋಗ ಮಾಡಬೇಕು ಎಂಬುದನ್ನು ಒಂದು ಗುಂಪಿಗೆ ಉದಾಹರಣೆ ಸಹಿತ ವಿವರಿಸಿದರು. ಇನ್ನೊಂದು ಗುಂಪನ್ನು ತಾನೇ ಕಂಡುಕೊಳ್ಳಲು ಬಿಟ್ಟರು. ಆ ಕೌಶಲವನ್ನು ಕರಗತ ಮಾಡಿಕೊಂಡವರು ಮೊದಲ ಗುಂಪಿನಲ್ಲಿ ಶೇಕಡ 77, ಎರಡನೆಯದರಲ್ಲಿ ಶೇಕಡ 23. ಎರಡೂ ಗುಂಪಿನ ಕೈಯಲ್ಲಿ ಇದ್ದದ್ದು ಅದೇ ಹಲಗೆ, ಅದೇ ಚೆಂಡು! ಹಾಗೆಂದು ವಿವರಣೆಯೊಂದೇ ಸಾಕೆಂದೂ ಅಲ್ಲ. 2007ರಲ್ಲಿ ಡೀನ್ ಮತ್ತು ಕೂನ್ ಇದೇ ಕೌಶಲವನ್ನು ತಿಂಗಳುಗಟ್ಟಲೆ ಗಮನಿಸಿದಾಗ, ಅಭ್ಯಾಸದ ಬೆಂಬಲವಿಲ್ಲದ ವಿವರಣೆ ನಿಲ್ಲಲಿಲ್ಲ. ಮಾತು ಮತ್ತು ಕೈ ಎರಡೂ ಬೇಕು, ಅವಕ್ಕೆ ಸಮಯವೂ ಬೇಕು.

ಹತ್ತು ದಿನಗಳ ಆಸೆ

ಶಾಲೆಗೆ ಕಸುಬನ್ನು ತರುವ ಯತ್ನ ಹೊಸದಲ್ಲ. ಗಾಂಧೀಜಿಯವರ ಮೂಲ ಶಿಕ್ಷಣದ ಯೋಜನೆ 1937ರ ವಾರ್ಧಾ ಸಮ್ಮೇಳನದಲ್ಲಿ ರೂಪ ಪಡೆಯಿತು. 1964–66ರ ಕೊಠಾರಿ ಆಯೋಗ ಕಾರ್ಯಾನುಭವವನ್ನು ಶಿಕ್ಷಣದ ಅಂಗವೆಂದಿತು. ರಾಷ್ಟ್ರೀಯ ಶಿಕ್ಷಣ ನೀತಿ 2020 ಇನ್ನೂ ಮುಂದೆ ಹೋಗಿ, 6ರಿಂದ 8ನೆಯ ತರಗತಿಯ ಅವಧಿಯಲ್ಲಿ ಮಕ್ಕಳು 10 ದಿನ ಪುಸ್ತಕದ ಚೀಲವಿಲ್ಲದೆ ಬಡಗಿ, ಕುಂಬಾರ, ತೋಟಗಾರ, ಕಲಾವಿದರಂಥ ಸ್ಥಳೀಯ ಪರಿಣತರ ಬಳಿ ಕಲಿಯಬೇಕೆಂದಿತು. ಕರ್ನಾಟಕ ಸರ್ಕಾರ 2023ರಲ್ಲಿ ತನ್ನದೇ ಶಿಕ್ಷಣ ನೀತಿ ರೂಪಿಸಲು ಆಯೋಗ ನೇಮಿಸಿತು. ನೀತಿ ಯಾವುದೇ ಇರಲಿ, ಕೇಳಬೇಕಾದ ಪ್ರಶ್ನೆ ಒಂದೇ: ಆ ದಿನಗಳಲ್ಲಿ ಮಗುವಿನ ಕೈಗೆ ಏನಾಗುತ್ತದೆ?

ಸೊರಬದ ಶಾಲೆಯೊಂದರ ಮಕ್ಕಳನ್ನು ಕೆತ್ತನೆಯ ಮನೆಗೆ ಕರೆದುಕೊಂಡು ಹೋದರು ಎಂದುಕೊಳ್ಳಿ. ಮಕ್ಕಳು ನೋಡುತ್ತಾರೆ, ಫೋಟೋ ತೆಗೆಯುತ್ತಾರೆ, ವರದಿ ಬರೆಯುತ್ತಾರೆ. ಇದು ಪ್ರವಾಸ, ಪ್ರವಾಸಕ್ಕೂ ಬೆಲೆಯಿದೆ, ಆದರೆ ಕೌಶಲದ ಲೆಕ್ಕದಲ್ಲಿ ಸೊನ್ನೆ. ಬೇರೆ ಬೇರೆ ಕಸುಬುಗಳಿಗೆ ಒಂದೊಂದು ದಿನದಂತೆ ಹಂಚಿದ ಹತ್ತು ದಿನಗಳಿಗಿಂತ, ಒಂದೇ ಕೆಲಸಕ್ಕೆ ವಾರಕ್ಕೊಂದು ದಿನದಂತೆ ಕೊಟ್ಟ ಹತ್ತು ದಿನಗಳು ಮೇಲು. ಒಮ್ಮೆಲೇ ಅಡಕಿದ ಅಭ್ಯಾಸಕ್ಕಿಂತ ನಡುವೆ ಬಿಡುವು ಕೊಟ್ಟ ಅಭ್ಯಾಸ ಹೆಚ್ಚು ಕಾಲ ಉಳಿಯುತ್ತದೆ ಎಂಬುದು ಕಲಿಕೆಯ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡ ಮಾತು. ಕಲಿಸುವ ಕುಶಲಕರ್ಮಿಗೆ ಆ ದಿನದ ಸಂಭಾವನೆಯನ್ನೂ ಕೊಡಬೇಕು. ಅವರ ವೇಳೆಯನ್ನು ಪುಕ್ಕಟೆ ಪಡೆದು ಮಕ್ಕಳಿಗೆ ದುಡಿಮೆಯ ಗೌರವ ಕಲಿಸುವುದು ಸಾಧ್ಯವೇ?

ಒಂದು ನಕ್ಷೆ

ಟೀಕೆ ಮಾಡಿದವರು ದಾರಿಯನ್ನೂ ತೋರಿಸಬೇಕು. ಆದ್ದರಿಂದ ನೀವು ನಿಮ್ಮ ಶಾಲೆಯಲ್ಲಿ ಮಾಡಬಹುದಾದ ಎರಡು ಕೆಲಸಗಳನ್ನು ಇಲ್ಲಿ ಕೊಟ್ಟಿದೆ. ಎರಡಕ್ಕೂ ಹೆಚ್ಚಿನ ಖರ್ಚಿಲ್ಲ.

ಮೊದಲನೆಯದು ಮರದ ಕೆಲಸ. ಶ್ರೀಗಂಧ ಬೇಡ. ಬಡಗಿಯ ಅಂಗಡಿಯಲ್ಲಿ ಬಿದ್ದ ತೇಗ, ಹಲಸು, ಮಾವಿನ ತುಂಡುಗಳು ಸಾಕು, ಜೊತೆಗೆ ಒಂದು ಬೆಂಡು. ಮಗು ತುಂಡುಗಳನ್ನು ಒಂದೇ ಅಳತೆಗೆ ಉಜ್ಜಿ ಸರಿಮಾಡಲಿ. ಚೌಕ ಸರಿಯಾಯಿತೋ ಇಲ್ಲವೋ ಮೂಲೆಮಟ್ಟ ಹೇಳುತ್ತದೆ, ಶಿಕ್ಷಕರು ಹೇಳಬೇಕಿಲ್ಲ. ಆಮೇಲೆ ನೀರಿಗೆ ಬಿಡುವ ಮುನ್ನ ಪ್ರತಿ ತುಂಡು ಎಷ್ಟು ಮುಳುಗುತ್ತದೆಂದು ಊಹಿಸಿ ಗೆರೆ ಎಳೆಯಲಿ. ತೇಲುವ ವಸ್ತುವಿನ ಎಷ್ಟು ಪಾಲು ನೀರಿನೊಳಗಿರುತ್ತದೋ ಅದೇ ನೀರಿಗೆ ಹೋಲಿಸಿದ ಅದರ ಸಾಂದ್ರತೆ. ತೇಗ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಮುಳುಗುತ್ತದೆ, ಬೆಂಡು ಮುಳುಗಿದ್ದೇ ಕಾಣದು. ಉಳಿ ಹಿಡಿದಾಗ ಕೈಗೆ ‘ಗಟ್ಟಿ’ ಎಂದು ತೋರಿದ ಮರಕ್ಕೂ ನೀರು ಹೇಳಿದ ಸಾಂದ್ರತೆಗೂ ಹೊಂದಿಕೆಯಿದೆಯೇ? ಇಲ್ಲಿ ‘ಹೇಗೆ’ಯ ಪಕ್ಕದಲ್ಲಿ ‘ಏಕೆ’ ಬಂದು ಕೂರುತ್ತದೆ. ಎಂಟನೆಯ ವಾರ ತುಂಡಿನ ಮೇಲೆ ಒಂದು ಎಲೆಯ ಚಿತ್ತಾರ ಕೊರೆಯಲಿ. ಎಳೆಯ ಉದ್ದಕ್ಕೂ ಅಡ್ಡಕ್ಕೂ ಉಳಿ ಹೇಗೆ ಬೇರೆ ಬೇರೆಯಾಗಿ ನಡೆಯುತ್ತದೆಂದು ಆಗ ಯಾರೂ ಹೇಳಬೇಕಾಗುವುದಿಲ್ಲ.

ಎರಡನೆಯದು ಕೆರೆಯ ಕೆಲಸ. ಶಿಕಾರಿಪುರ, ಸೊರಬಗಳಲ್ಲಿ ಕೆರೆಗಳಿಗೆ ಕೊರತೆಯಿಲ್ಲ. ವಾರಕ್ಕೊಮ್ಮೆ ಸುರಕ್ಷಿತವಾದ ಒಂದೇ ಜಾಗದಲ್ಲಿ, ದೊಡ್ಡವರು ಜೊತೆಯಲ್ಲಿದ್ದು, ನೀರಿನ ಮಟ್ಟ ಎಷ್ಟು ಇಳಿದಿದೆ ಎಂದು ಮಕ್ಕಳು ಮೊದಲು ಅಂದಾಜು ಮಾಡಿ ಬರೆಯಲಿ, ಆಮೇಲೆ ಗುರುತು ಹಾಕಿದ ಕೋಲಿನಿಂದ ಅಳೆಯಲಿ. ಅಂದಾಜಿಗೂ ಅಳತೆಗೂ ಇರುವ ಅಂತರವನ್ನು ನಕ್ಷೆಯಾಗಿ ಬಿಡಿಸಲಿ. ವಾರಗಳು ಕಳೆದಂತೆ ಅಂತರ ಕಿರಿದಾದರೆ ಕಣ್ಣು ಪಳಗಿತು ಎಂದರ್ಥ. ಸೊರಬ ತಾಲ್ಲೂಕಿನ ಗುಡವಿ ಪಕ್ಷಿಧಾಮದ ಹತ್ತಿರದ ಶಾಲೆಗಳು ಇದೇ ಕ್ರಮವನ್ನು ಹಕ್ಕಿಗಳ ಎಣಿಕೆಗೂ ಬಳಸಬಹುದು. ಕಲಿಕೆ ಆಯಿತೋ ಇಲ್ಲವೋ ಎಂಬುದಕ್ಕೆ ಆ ನಕ್ಷೆಯೇ ಸಾಕ್ಷಿ, ಬೇರೆ ಪರೀಕ್ಷೆ ಬೇಕಿಲ್ಲ.

ಈ ಎರಡರಲ್ಲೂ ಪ್ರದರ್ಶನಕ್ಕೆ ಇಡುವಂಥ ಅಂದದ ವಸ್ತು ಸಿಗದಿರಬಹುದು. ಸೊಟ್ಟ ಮೂಲೆಯ ಹಲಸಿನ ತುಂಡು, ಅಂಕುಡೊಂಕಾದ ನಕ್ಷೆ, ಇಷ್ಟೇ ಉಳಿಯಬಹುದು. ತೀರ್ಪುಗಾರರಾಗಿ, ಪೋಷಕರಾಗಿ, ಅಧಿಕಾರಿಗಳಾಗಿ ನೀವು ಅದನ್ನು ನೋಡುವಾಗ ಮೊದಲ ವಾರದ ತುಂಡನ್ನೂ ಪಕ್ಕದಲ್ಲಿ ಇಡಿಸಿ. ಎರಡರ ನಡುವಿನ ವ್ಯತ್ಯಾಸಕ್ಕೆ ಅಂಕ ಕೊಡಿ. ಮಗು ಕಲಿತದ್ದು ಅಷ್ಟೂ ಅಲ್ಲಿದೆ.